ಗೇರು ಗುಡ್ಡೆಯ ಮದ್ದು ಮಕ್ಕಳ ಮೈ ಸೇರಿದ್ದು ಹೇಗೆ

ಮಂಗಳೂರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದ ಹೆಸರು ಕೇಳದವರು ಕಡಿಮೆ. ಆದರೆ ಗೇರು ಮರಕ್ಕೆ ಹೊಡೆದ ಮದ್ದು ಮಕ್ಕಳನ್ನೇ ಯಾಕೆ ಇಷ್ಟು ಕಾಡಿತು ಅನ್ನುವುದನ್ನು ನಾವು ಸರಿಯಾಗಿ ಮಾತಾಡಿಲ್ಲ.

ಗೇರಿನ ಚಿಗುರು, ಹೂವಿನ ರಸ ಹೀರುವ ಕೀಟ ಟೀ ಸೊಳ್ಳೆ. ಅದನ್ನು ಕೊಲ್ಲಲು ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದಲ್ಲೇ ಕಾಸರಗೋಡಿನ ಗುಡ್ಡೆಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಡೆಸಿತು. ನಮ್ಮ ಕಡೆ ಗೇರು ಅಭಿವೃದ್ಧಿ ನಿಗಮ 1980ರ ದಶಕದಲ್ಲಿ ಅದನ್ನೇ ಮಾಡಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಊರುಗಳಿಗೆ ಪೆಟ್ಟು ಬಿದ್ದದ್ದು ಆಗಲೇ. ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ.

ಕಾಸರಗೋಡಿನ ಪಡ್ರೆಯನ್ನು ನೋಡಿ. ಗೇರು ಮರ ಗುಡ್ಡೆಯ ಮೇಲೆ, ಮನೆಗಳೆಲ್ಲ ಕೆಳಗೆ. ಕುಡಿಯುವ ನೀರು ಬರುವುದು ಅದೇ ಗುಡ್ಡೆಗೆ ಅಡ್ಡ ಕೊರೆದ ಸುರಂಗದಿಂದ. ಮದ್ದು ಹೊಡೆಯುವಾಗ ನೀರಿನ ಮೂಲ ಮುಚ್ಚಿಡಬೇಕಂತೆ! ಬಾವಿಗೇನೋ ತಾಡಪಾಲು ಹೊದಿಸಬಹುದು, ಇಡೀ ಗುಡ್ಡೆಗೆ ಏನು ಹೊದಿಸುವುದು? ಗಾಳಿ ಬೀಸಿದ ಕಡೆ ಮದ್ದು ಹೋಯಿತು, ಉಳಿದದ್ದು ಮಳೆ ನೀರಿನ ಜೊತೆ ಇಳಿಯಿತು. ಮೊದಲು ಕರುಗಳು ಸೊಟ್ಟ ಕಾಲಿನಲ್ಲಿ ಹುಟ್ಟಿದವು, ಅದನ್ನು ಪತ್ರಕರ್ತ ಶ್ರೀ ಪಡ್ರೆ ಬರೆದರು. ಒಂದೇ ಕಡೆಯ ಮನೆಗಳಲ್ಲಿ ಫಿಟ್ಸ್, ಬುದ್ಧಿಮಾಂದ್ಯ, ಹುಟ್ಟು ಅಂಗವೈಕಲ್ಯ ಇಷ್ಟು ಜಾಸ್ತಿ ಯಾಕೆ ಅಂತ ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಪಟ್ಟು ಹಿಡಿದು ಕೇಳಿದರು.

ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಗೇರು ತೋಟದ ಬುಡದ ಊರಿನ 117 ಶಾಲಾ ಹುಡುಗರನ್ನು ಮದ್ದು ಬೀಳದ ಊರಿನ 90 ಹುಡುಗರ ಜೊತೆ ಹೋಲಿಸಿದರು. 2003ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಿಂಪಡಣೆ ನಿಂತ ಮೇಲೂ ತೋಟದ ಬುಡದ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಜಾಸ್ತಿ ಇತ್ತು, ಪ್ರಾಯಕ್ಕೆ ಬರುವುದೂ ತಡವಾಗಿತ್ತು.

ಈ ಮದ್ದು ಮಿದುಳಿನ ಉದ್ರೇಕ ತಗ್ಗಿಸುವ ವ್ಯವಸ್ಥೆಗೇ ಅಡ್ಡ ಬರುತ್ತದೆ, ಅದಕ್ಕೇ ಫಿಟ್ಸ್. ಹಾರ್ಮೋನ್‌ಗಳ ಕೆಲಸವನ್ನೂ ಕೆಡಿಸುತ್ತದೆ. ಬಸುರಿಯ ಮೈ ಸೇರಿದರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಹುಟ್ಟಿದ ಮೇಲೆ ಎದೆಹಾಲಿನಲ್ಲೂ ಬರುತ್ತದೆ. ಮಗು ತನ್ನ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ, ನೀರು ಒಳಗೆ ತೆಗೆದುಕೊಳ್ಳುತ್ತದೆ, ಮಣ್ಣಲ್ಲಿ ಆಡಿದ ಕೈಯನ್ನು ಬಾಯಿಗಿಡುತ್ತದೆ, ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. 'ಇಷ್ಟು ಚೂರು ಮದ್ದಿನಿಂದ ಏನಾಗುತ್ತದೆ' ಎಂದು ವಾದಿಸಿದವರು ಅಳೆದದ್ದು ದೊಡ್ಡವರ ಮೈಯನ್ನು. ಎಷ್ಟು ಸೇರಿತು ಅನ್ನುವಷ್ಟೇ ಯಾವಾಗ ಸೇರಿತು ಅನ್ನುವುದೂ ಮುಖ್ಯ ಅಲ್ವಾ?

ಕರ್ನಾಟಕ 2011ರ ಫೆಬ್ರುವರಿಯಲ್ಲಿ ನಿಷೇಧಿಸಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು. ಅಷ್ಟರಲ್ಲಿ ಒಂದು ತಲೆಮಾರು ದೊಡ್ಡದಾಗಿತ್ತು. ಮಾಸಾಶನ ಬಂತು, ಕೊಕ್ಕಡ ಮತ್ತು ಕೊಯ್ಲದಲ್ಲಿ ಡೇ ಕೇರ್ ಸೆಂಟರ್ ಆಯಿತು. ಅವು ಹಗಲಿಗೆ ಮಾತ್ರ. ರಾತ್ರಿ, ಮಲಗಿದಲ್ಲೇ ಇರುವ ನಲವತ್ತರ ಮಗನ ಮಗ್ಗುಲು ಬದಲಿಸಬೇಕಾದವಳು ಎಪ್ಪತ್ತರ ಅಮ್ಮ. ಅವಳ ಕಾಲದ ನಂತರ ಯಾರು ಅಂತಲೇ ಇಲ್ಲಿನವರು ಶಾಶ್ವತ ಪುನರ್ವಸತಿ ಕೇಂದ್ರಕ್ಕಾಗಿ ವರ್ಷಗಳಿಂದ ಕೇಳುತ್ತಿರುವುದು. ರಾತ್ರಿ ಪಾಳಿಯ ನರ್ಸ್, ಫಿಟ್ಸ್ ಬಂದರೆ ಕೂಡಲೇ ನೋಡುವ ಡಾಕ್ಟರ್, ಎತ್ತಿ ಕೂರಿಸಲು ಆಳು, ಇಷ್ಟಾದರೂ ಅಲ್ಲಿ ಇರಲೇಬೇಕು.