ಗರ್ಭಕೋಶ ತೆಗೆಸಿದರೆ ಪಿಸಿಒಎಸ್ ಹೋಗುತ್ತಾ?

"ಡಾಕ್ಟ್ರೇ, ಇದನ್ನೊಂದು ತೆಗೆದುಬಿಡಿ. ನನಗೆ ಸಾಕಾಗಿ ಹೋಗಿದೆ."

ಕುರ್ಚಿಯ ಮೇಲೆ ತಮ್ಮದೇ ಟವೆಲ್ ಹಾಸಿಕೊಂಡು ಕೂರುತ್ತಾ ಅವರು ಹೇಳಿದ ಮೊದಲ ಮಾತು ಇದು. ತೆಗೆಯಿರಿ ಅಂದದ್ದು ಗರ್ಭಕೋಶವನ್ನು. ಅವರಿಗಿದ್ದದ್ದು ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್), ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ಹಳಿ ತಪ್ಪುವ ತೊಂದರೆ. ವಯಸ್ಸು 38. ಇಬ್ಬರು ಮಕ್ಕಳು. ಕೈಯಲ್ಲಿ ದಪ್ಪನೆಯ ಫೈಲು, ಜೊತೆಗೊಂದು ಪುಟ್ಟ ಡೈರಿ. ಮುಟ್ಟಾದ ದಿನಗಳಿಗೆಲ್ಲ ಡೈರಿಯಲ್ಲಿ ಕೆಂಪು ಪೆನ್ನಿನ ಚುಕ್ಕೆ ಇಟ್ಟಿದ್ದರು. ಮೂರು ತಿಂಗಳು ಪುಟಗಳು ಖಾಲಿ. ಆಮೇಲೆ ಸಾಲಾಗಿ 23 ಚುಕ್ಕೆ. ಮತ್ತೆ ಖಾಲಿ. ಕೆಲವು ಚುಕ್ಕೆಗಳ ಪಕ್ಕ ಎರಡು ಗೆರೆ ಎಳೆದಿದ್ದರು. ಏನಿದು ಅಂತ ಕೇಳಿದೆ. "ಆವತ್ತೆಲ್ಲ ಗಂಟೆಗೊಂದು ಪ್ಯಾಡ್ ಬದಲಾಯಿಸಬೇಕಾಯ್ತು" ಅಂದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು.

ಇಂಥ ಸ್ಥಿತಿಯಲ್ಲಿ ಬಂದವರಿಗೆ "ಇಷ್ಟಕ್ಕೆಲ್ಲ ಆಪರೇಷನ್ ಯಾಕೆ" ಅಂತ ಹೇಳಿ ಕಳಿಸುವುದು ತಪ್ಪು. ಹಾಗೆಯೇ, ಕೇಳಿದ್ದಾರೆ ಅಂತ ಮರುದಿನಕ್ಕೇ ಆಪರೇಷನ್ ಬರೆದುಕೊಡುವುದೂ ತಪ್ಪು. ನಾನು ಒಂದೇ ಪ್ರಶ್ನೆ ಕೇಳಿದೆ. "ಆಪರೇಷನ್ ಆದ ಮೇಲೆ ಏನೇನೆಲ್ಲ ಹೋಗಬೇಕು ಅಂತ ನಿಮ್ಮ ಮನಸ್ಸಲ್ಲಿದೆ?"

ಅವರು ಬೆರಳು ಮಡಚಿ ಎಣಿಸಿದರು. ಬ್ಲೀಡಿಂಗ್ ನಿಲ್ಲಬೇಕು. ಗದ್ದದ ಮೇಲಿನ ಕೂದಲು ಹೋಗಬೇಕು. ತೂಕ ಇಳಿಯಬೇಕು. ಕತ್ತಿನ ಹಿಂದಿನ ಕಪ್ಪು ಹೋಗಬೇಕು. ತಲೆಕೂದಲು ಉದುರುವುದು ನಿಲ್ಲಬೇಕು.

ಈ ಐದರಲ್ಲಿ ಗರ್ಭಕೋಶದ ಜೊತೆ ಹೋಗುವುದು ಒಂದೇ, ಬ್ಲೀಡಿಂಗ್. ಉಳಿದ ನಾಲ್ಕು ಹಾಗೇ ಇರುತ್ತವೆ. ಇದನ್ನು ಆಪರೇಷನ್‌ಗೆ ಮೊದಲೇ ಹೇಳಬೇಕು. ಆಮೇಲೆ ಗೊತ್ತಾದರೆ ಆಗುವ ನಿರಾಸೆ ದೊಡ್ಡದು.

ಯಾಕೆ ಹೋಗುವುದಿಲ್ಲ? ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದೆ. ಮಧ್ಯದಲ್ಲಿ ಮುಷ್ಟಿ ಗಾತ್ರದ ಗರ್ಭಕೋಶ. ಎರಡೂ ಪಕ್ಕದಲ್ಲಿ ಅಂಡಾಶಯ. ಮೇಲೆ ಮಿದುಳು. ನಡುವೆ ಲಿವರ್ ಮತ್ತು ಇನ್ಸುಲಿನ್ ತಯಾರಿಸುವ ಗ್ರಂಥಿ. ಪಿಸಿಒಎಸ್‌ನಲ್ಲಿ ಹೆಚ್ಚಿನವರಿಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ. ಆ ಜಾಸ್ತಿ ಇನ್ಸುಲಿನ್ ಅಂಡಾಶಯಕ್ಕೆ ಹೋಗಿ ಗಂಡು ಹಾರ್ಮೋನ್‌ಗಳನ್ನು ಹೆಚ್ಚು ಮಾಡಿಸುತ್ತದೆ. ಈ ಹಾರ್ಮೋನನ್ನು ಹಿಡಿದಿಡುವ ಒಂದು ಪ್ರೋಟೀನನ್ನು ಲಿವರ್ ತಯಾರಿಸುತ್ತದಲ್ಲ, ಅದೂ ಕಡಿಮೆಯಾಗುತ್ತದೆ. ಹೀಗಾಗಿ ರಕ್ತದಲ್ಲಿ ಬಿಡುವಾಗಿ ಓಡಾಡುವ ಗಂಡು ಹಾರ್ಮೋನ್ ಹೆಚ್ಚುತ್ತದೆ. ಗದ್ದದ ಕೂದಲು, ಮೊಡವೆ, ತಲೆಕೂದಲು ಉದುರುವುದು ಎಲ್ಲ ಅಲ್ಲಿಂದ. ಕತ್ತಿನ ಕಪ್ಪು ನೇರವಾಗಿ ಇನ್ಸುಲಿನ್‌ನದೇ ಕೆಲಸ. ಚಿತ್ರದಲ್ಲಿ ಬಾಣದ ಗುರುತುಗಳನ್ನೆಲ್ಲ ಎಳೆದು ಮುಗಿಸಿದಾಗ ಗರ್ಭಕೋಶದಿಂದ ಹೊರಟ ಬಾಣ ಒಂದೂ ಇರಲಿಲ್ಲ. ಅದರ ಕಡೆಗೆ ಬರುವ ಬಾಣಗಳಷ್ಟೇ ಇದ್ದವು.

ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ಕಾಣುವ "ನೀರುಗುಳ್ಳೆ" ಬಗ್ಗೆಯೂ ಒಂದು ಮಾತು. ಅವು ಗಡ್ಡೆಗಳಲ್ಲ. ಬೆಳೆಯಲು ಶುರುವಾಗಿ ಅರ್ಧಕ್ಕೇ ನಿಂತ ಅಂಡದ ಕೋಶಿಕೆಗಳು. ಒಂದೊಂದೂ 2ರಿಂದ 9 ಮಿಲಿಮೀಟರ್ ಅಷ್ಟೆ. ಅವನ್ನು ಕಿತ್ತು ಹಾಕಬೇಕಾಗಿಲ್ಲ, ಒಡೆದುಹೋಗುತ್ತವೆ ಅಂತ ಹೆದರಬೇಕಾಗಿಯೂ ಇಲ್ಲ. ಸ್ಕ್ಯಾನ್‌ನಲ್ಲಿ ಇವು ಕಂಡ ಮಾತ್ರಕ್ಕೆ ಪಿಸಿಒಎಸ್ ಇದೆ ಅಂತಲೂ ಅಲ್ಲ. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಒಪ್ಪಿಕೊಂಡ ಲೆಕ್ಕ ಈಗಲೂ ಬಳಕೆಯಲ್ಲಿದೆ. ಮುಟ್ಟು ಏರುಪೇರು, ಗಂಡು ಹಾರ್ಮೋನ್ ಹೆಚ್ಚಳ, ಸ್ಕ್ಯಾನ್‌ನ ಚಿತ್ರ ಈ ಮೂರರಲ್ಲಿ ಎರಡು ಇರಬೇಕು. ಥೈರಾಯ್ಡ್ ತೊಂದರೆ, ಪ್ರೊಲ್ಯಾಕ್ಟಿನ್ ಎಂಬ ಎದೆಹಾಲಿನ ಹಾರ್ಮೋನ್ ಹೆಚ್ಚಳದಂಥ ಬೇರೆ ಕಾರಣ ಇಲ್ಲ ಅಂತಲೂ ಖಚಿತವಾಗಬೇಕು.

"ಆಪರೇಷನ್ ಮಾಡಿದರೆ ಹೋಗುತ್ತೆ" ಅನ್ನುವ ನಂಬಿಕೆಗೆ ಒಂದು ಹಳೆಯ ಬೇರಿದೆ. 1935ರಲ್ಲಿ ಷಿಕಾಗೊದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಹಿಳೆಯರ ಬಗ್ಗೆ ಬರೆದರು. ಈ ತೊಂದರೆ ವೈದ್ಯಲೋಕದ ಗಮನಕ್ಕೆ ಬಂದದ್ದೇ ಆ ಬರಹದಿಂದ. ಅವರು ಮಾಡಿದ ಚಿಕಿತ್ಸೆ ಆಪರೇಷನ್ನೇ. ಆದರೆ ಕತ್ತರಿಸಿದ್ದು ಅಂಡಾಶಯದ ಒಂದು ತುಂಡನ್ನು, ಗರ್ಭಕೋಶವನ್ನಲ್ಲ. ಆ ಮಹಿಳೆಯರಿಗೆ ಮತ್ತೆ ಮುಟ್ಟು ಬರತೊಡಗಿತು, ಇಬ್ಬರು ಗರ್ಭಿಣಿಯೂ ಆದರು. ಇನ್ಸುಲಿನ್‌ನ ನಂಟು ಗೊತ್ತಾಗಲು 1980ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಇದು ಹೊಟ್ಟೆಯೊಳಗಿನ ಯಾವುದೋ ಅಂಗದ ರೋಗ, ಕತ್ತರಿಸಿದರೆ ಮುಗಿಯಿತು ಅನ್ನುವ ಭಾವನೆ ಬೇರೂರಿತ್ತು.

ಚಿತ್ರ ನೋಡಿದ ಮೇಲೆ ಹೆಚ್ಚಿನವರು ಕೇಳುವ ಮುಂದಿನ ಪ್ರಶ್ನೆಯನ್ನೇ ಅವರೂ ಕೇಳಿದರು. "ಹಾಗಾದ್ರೆ ಅಂಡಾಶಯಾನೂ ಸೇರಿಸಿ ತೆಗೆದುಬಿಟ್ರೆ?"

ಈ ಮಾತಿಗೆ ನನಗೆ ಯಾವಾಗಲೂ ಒಬ್ಬ ಹೆಣ್ಣುಮಗಳ ನೆನಪಾಗುತ್ತದೆ. 34ನೇ ವಯಸ್ಸಿಗೆ ನನ್ನ ಬಳಿ ಬಂದಿದ್ದಳು. ಅದಕ್ಕೆ ಐದು ವರ್ಷ ಮುಂಚೆ ಬೇರೆ ಕಡೆ ಪಿಸಿಒಎಸ್ ಅಂತ ಹೇಳಿ ಗರ್ಭಕೋಶ, ಎರಡೂ ಅಂಡಾಶಯ ಎಲ್ಲ ತೆಗೆದಿದ್ದರು. ಆಮೇಲೆ ಯಾವ ಹಾರ್ಮೋನ್ ಚಿಕಿತ್ಸೆಯನ್ನೂ ಕೊಟ್ಟಿರಲಿಲ್ಲ. ರಾತ್ರಿ ಮೈಯೆಲ್ಲ ಬೆಂಕಿ ಹತ್ತಿದ ಹಾಗೆ ಬಿಸಿಯಾಗಿ, ಬೆವತು, ಎದ್ದು ಕೂರುತ್ತಿದ್ದಳು. ಲೈಂಗಿಕ ಸಂಪರ್ಕದ ವೇಳೆ ನೋವು. ಮೂಳೆಯ ಸ್ಕ್ಯಾನ್ ಮಾಡಿಸಿದರೆ ಅವಳ ವಯಸ್ಸಿಗೆ ಇರಬಾರದಷ್ಟು ಸವೆತ. ತೂಕ ಮೊದಲಿಗಿಂತ ಜಾಸ್ತಿ. ಸಕ್ಕರೆ ಆಗಲೇ ಗಡಿ ದಾಟಿತ್ತು. "ಪಿಸಿಒಎಸ್ ಹೋಯ್ತಲ್ವಾ ಮೇಡಂ, ಮತ್ತ್ಯಾಕೆ ಶುಗರ್?" ಅಂತ ಕೇಳಿದಳು. ಉತ್ತರ ಹೇಳುವುದು ನನಗೆ ಸುಲಭವಾಗಲಿಲ್ಲ.

ಎರಡೂ ಅಂಡಾಶಯ ತೆಗೆದ ದಿನವೇ ಮುಟ್ಟು ನಿಲ್ಲುವ ಕಾಲ ಶುರುವಾಗುತ್ತದೆ. ಸಹಜವಾಗಿ ಅದು 50ರ ಆಸುಪಾಸಿನಲ್ಲಿ, ಮೆಲ್ಲಗೆ ಬರಬೇಕಾದದ್ದು. 45ಕ್ಕಿಂತ ಮೊದಲೇ ಹೀಗಾದರೆ ಮೂಳೆ ಸವೆತ ಮತ್ತು ಹೃದಯದ ಕಾಯಿಲೆ ಎರಡರ ಅಪಾಯವೂ ಏರುತ್ತದೆ. ಪಿಸಿಒಎಸ್ ಇರುವವರಿಗೆ ಹೃದಯದ ಚಿಂತೆ ಮೊದಲೇ ಇರುತ್ತದೆ, ಅದರ ಮೇಲೆ ಇದೂ ಸೇರುತ್ತದೆ. ಗಂಡು ಹಾರ್ಮೋನ್ ಸ್ವಲ್ಪ ಇಳಿಯುವುದು ನಿಜ. ಆದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯೂ ಅದನ್ನು ತಯಾರಿಸುತ್ತದೆ. ಇನ್ಸುಲಿನ್ ತೊಂದರೆಯಂತೂ ಎಲ್ಲಿಯೂ ಹೋಗುವುದಿಲ್ಲ. ಬೇರೆ ಬಲವಾದ ಕಾರಣ ಇಲ್ಲದಿದ್ದರೆ, ಬರೀ ಪಿಸಿಒಎಸ್‌ಗೆ ಅಂತ ಆರೋಗ್ಯವಾಗಿರುವ ಅಂಡಾಶಯ ತೆಗೆಸಬೇಡಿ. ಯಾವುದೋ ಕಾರಣಕ್ಕೆ ಆಗಲೇ ತೆಗೆಸಿದ್ದರೆ, ಸ್ತನ ಕ್ಯಾನ್ಸರ್‌ನಂಥ ಅಡ್ಡಿ ಇಲ್ಲದಿದ್ದಲ್ಲಿ, ಕನಿಷ್ಠ 50ರವರೆಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಚಿಕಿತ್ಸೆ ಬೇಕು. ನಿಮ್ಮ ವೈದ್ಯರು ಆ ಮಾತು ಎತ್ತಿಲ್ಲ ಅಂದರೆ ನೀವೇ ಎತ್ತಿ.

ಇಷ್ಟೆಲ್ಲ ಹೇಳಿದ ಮೇಲೆ, ಗರ್ಭಕೋಶದ ಬಗ್ಗೆ ನಿಜಕ್ಕೂ ಗಮನ ಕೊಡಬೇಕಾದ ಒಂದು ಜಾಗ ಇದೆ. ಅದು ಒಳಪದರ.

ಪ್ರತಿ ತಿಂಗಳು ಈಸ್ಟ್ರೋಜನ್ ಈ ಪದರವನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಬಂದು ಬೆಳವಣಿಗೆಗೆ ತಡೆ ಹಾಕುತ್ತದೆ. ಅದು ಇಳಿದಾಗ ಪದರ ಕಳಚಿ ಮುಟ್ಟಾಗುತ್ತದೆ. ಪಿಸಿಒಎಸ್‌ನಲ್ಲಿ ಎಷ್ಟೋ ತಿಂಗಳು ಅಂಡವೇ ಬಿಡುಗಡೆಯಾಗುವುದಿಲ್ಲ. ಆಗ ಪ್ರೊಜೆಸ್ಟರಾನ್ ಬರುವುದಿಲ್ಲ. ಪದರ ಮಾತ್ರ ಬೆಳೆಯುತ್ತಲೇ ಇರುತ್ತದೆ. ಒಂದು ದಿನ ತನ್ನ ಭಾರ ತಾನೇ ತಾಳದೆ ಅಲ್ಲಲ್ಲಿ ಕಳಚಲು ಶುರುವಾಗುತ್ತದೆ. ಡೈರಿಯಲ್ಲಿದ್ದ ಮೂರು ತಿಂಗಳ ಖಾಲಿ ಪುಟ, ಆಮೇಲಿನ 23 ಚುಕ್ಕೆ, ಎರಡಕ್ಕೂ ಕಾರಣ ಇದೇ.

"ಮುಟ್ಟು ಬರದಿದ್ರೆ ಆರಾಮ ಅಲ್ವಾ" ಅಂತ ಎಷ್ಟೋ ಜನ ವರ್ಷಗಟ್ಟಲೆ ಸುಮ್ನೆ ಇದ್ದುಬಿಡುತ್ತಾರೆ. ಮಾತ್ರೆ ಅಥವಾ ಸಾಧನದಿಂದ ಮುಟ್ಟು ನಿಂತಿದ್ದರೆ ಚಿಂತೆಯಿಲ್ಲ, ಆಗ ಪದರ ತೆಳ್ಳಗಿರುತ್ತದೆ. ಏನೂ ತಗೊಳ್ಳದೆ ನಿಂತಿದ್ದರೆ ಮಾತ್ರ ಆರಾಮ ಅಲ್ಲ. ಒಳಗೆ ಪದರ ದಪ್ಪವಾಗಿ, ಕೆಲವರಲ್ಲಿ ಅದರ ಕೋಶಗಳ ರೂಪವೇ ಕೆಡಬಹುದು. ಪಿಸಿಒಎಸ್ ಇರುವವರಿಗೆ ಒಳಪದರದ ಕ್ಯಾನ್ಸರ್ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಹೆದರಿಸಲು ಹೇಳುತ್ತಿಲ್ಲ. ಚಿಕ್ಕ ವಯಸ್ಸಿನಲ್ಲಿ ಈ ಕ್ಯಾನ್ಸರ್ ಮೂಲತಃ ಅಪರೂಪ. ಹಲವು ಪಟ್ಟು ಆದರೂ ಒಟ್ಟು ಸಂಖ್ಯೆ ಕಡಿಮೆಯೇ. ಅದಕ್ಕಿಂತ ಮುಖ್ಯ ಅಂದರೆ ಇದನ್ನು ತಡೆಯುವುದು ಕಷ್ಟವಲ್ಲ. 90 ದಿನವಾದರೂ ಮುಟ್ಟು ಬರಲಿಲ್ಲ ಅಂದರೆ ವೈದ್ಯರನ್ನು ನೋಡಿ. ಗರ್ಭ ನಿಂತಿಲ್ಲ ಅಂತ ಖಚಿತ ಮಾಡಿಕೊಂಡು, ಪ್ರೊಜೆಸ್ಟರಾನ್ ಜಾತಿಯ ಮಾತ್ರೆ ಕೆಲವು ದಿನ ಕೊಟ್ಟು ಪದರ ಕಳಚಿಸುತ್ತೇವೆ. ಸಕ್ಕರೆ ಕಾಯಿಲೆಗೂ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ತಿದ್ದೀನಲ್ಲ ಅಂತ ಇದನ್ನು ಬಿಡಬೇಡಿ. ಮೆಟ್‌ಫಾರ್ಮಿನ್ ಇನ್ಸುಲಿನ್‌ಗೆ ಒಳ್ಳೆಯದು, ಅದೊಂದನ್ನೇ ನಂಬಿ ಒಳಪದರವನ್ನು ಬಿಟ್ಟುಬಿಡಲಾಗದು.

ಹಾಗಾಗಿ ಡೈರಿ ತಂದವರಿಗೆ ನಾನು ಮೊದಲು ಹೇಳಿದ್ದು ಆಪರೇಷನ್ ಅಲ್ಲ, ಬಯಾಪ್ಸಿ. ತೆಳುವಾದ ಕೊಳವೆ ಹಾಕಿ ಒಳಪದರದ ಚೂರು ತೆಗೆಯುವುದು. ಕೆಲವೇ ನಿಮಿಷದ ಕೆಲಸ. ಮುಟ್ಟಿನ ಹೊಟ್ಟೆನೋವಿನಂಥ ಹಿಂಡುವ ನೋವು ಇರುತ್ತದೆ. ಇರುವುದಿಲ್ಲ ಅಂತ ಸುಳ್ಳು ಹೇಳಬಾರದು, ಮೊದಲೇ ನೋವಿನ ಮಾತ್ರೆ ಕೊಡಬೇಕು. ಬಯಾಪ್ಸಿ ಫಲಿತಾಂಶ ಕೈಗೆ ಬರುವ ಮುಂಚೆ ಗರ್ಭಕೋಶ ತೆಗೆಯುವ ಮಾತನ್ನು ಯಾರಾದರೂ ಅಂತಿಮ ಮಾಡಿದರೆ ದಯವಿಟ್ಟು ತಡೆದು ಕೇಳಿ. ಒಳಗೆ ಕ್ಯಾನ್ಸರ್ ಇದ್ದರೆ ಆಪರೇಷನ್ ಮಾಡುವ ರೀತಿಯೇ ಬೇರೆ.

ಅವರ ರಿಪೋರ್ಟ್‌ನಲ್ಲಿ ಪದರ ದಪ್ಪಗಿತ್ತು, ಕೋಶಗಳ ರೂಪ ಕೆಟ್ಟಿರಲಿಲ್ಲ. ಈ ಬಗೆಯದು 20 ವರ್ಷದಲ್ಲಿ ಕ್ಯಾನ್ಸರ್‌ಗೆ ತಿರುಗುವುದು ನೂರರಲ್ಲಿ ಐವರಿಗಿಂತ ಕಡಿಮೆ ಜನರಲ್ಲಿ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಇದಕ್ಕೆ ನಾನು ಮೊದಲು ಸೂಚಿಸುವುದು ಮಿರೇನಾ. ಗರ್ಭಕೋಶದೊಳಗೆ ಕೂರಿಸುವ, ಟಿ ಆಕಾರದ ಪುಟ್ಟ ಸಾಧನ. ಅದರಲ್ಲಿರುವ 52 ಮಿಲಿಗ್ರಾಂ ಹಾರ್ಮೋನ್ ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಒಳಪದರದ ಮೇಲೆ ಇಳಿಯುತ್ತದೆ. ಮೊದಲ ಮೂರರಿಂದ ಆರು ತಿಂಗಳು ಹನಿಹನಿಯಾಗಿ ಬ್ಲೀಡಿಂಗ್ ಆಗಬಹುದು. ಇದನ್ನು ಹೇಳದೆ ಹಾಕಿದರೆ ಎರಡನೇ ತಿಂಗಳಿಗೇ "ತೆಗೆಯಿರಿ" ಅಂತ ಬರುತ್ತಾರೆ, ಅದು ಅವರ ತಪ್ಪಲ್ಲ. ಬೇರೆ ದಾರಿಗಳೂ ಇವೆ. ಗರ್ಭನಿರೋಧಕ ಮಾತ್ರೆ ಮುಟ್ಟು, ಮೊಡವೆ, ಕೂದಲು ಮೂರಕ್ಕೂ ಆಗುತ್ತದೆ. ಆದರೆ ಬಿಪಿ, ಕಣ್ಣ ಮುಂದೆ ಮಿಂಚು ಕಾಣಿಸುವ ಮೈಗ್ರೇನ್ ತಲೆನೋವು, ಹಿಂದೆ ರಕ್ತ ಹೆಪ್ಪುಗಟ್ಟಿದ್ದು, 35 ದಾಟಿ ಸಿಗರೇಟ್ ಅಭ್ಯಾಸ ಇದ್ದವರಿಗೆ ಬೇಡ. ರಕ್ತಸ್ರಾವ ಜೋರಿರುವ ದಿನಗಳಿಗೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧಿ ಇದೆ. ತೂಕ ಜಾಸ್ತಿ ಇದ್ದವರಲ್ಲಿ 5ರಿಂದ 10 ಶೇಕಡಾ ಇಳಿದರೂ ಎಷ್ಟೋ ಜನರಿಗೆ ಮುಟ್ಟು ಹಳಿಗೆ ಬರುತ್ತದೆ. ಆದರೆ "ತೂಕ ಇಳಿಸಿಕೊಂಡು ಬನ್ನಿ, ಆಮೇಲೆ ನೋಡೋಣ" ಅಂತ 7.8 ಹಿಮೋಗ್ಲೋಬಿನ್ ಇರುವವರನ್ನು ಕಳಿಸುವುದು ಚಿಕಿತ್ಸೆಯಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುವವರು ವ್ಯಾಯಾಮ ಎಲ್ಲಿಂದ ಮಾಡಬೇಕು? ಮೊದಲು ಬ್ಲೀಡಿಂಗ್ ನಿಲ್ಲಿಸಿ, ಕಬ್ಬಿಣದ ಅಂಶ ತುಂಬಿಸಬೇಕು.

ಒಳಪದರವನ್ನು ಸುಡುವ ಅಬ್ಲೇಷನ್ ಪಿಸಿಒಎಸ್ ಇರುವವರಿಗೆ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಸುಟ್ಟ ಗಾಯದ ಹಿಂದೆ ಉಳಿದ ಪದರ ಮುಂದೆ ಕೆಟ್ಟರೆ ಬ್ಲೀಡಿಂಗ್ ಹೊರಗೆ ಬರದೆ ಗೊತ್ತೇ ಆಗದಿರಬಹುದು, ಬಯಾಪ್ಸಿಯೂ ಕಷ್ಟ.

ಹಾಗಾದರೆ ಗರ್ಭಕೋಶ ತೆಗೆಸುವುದು ಯಾವಾಗ ಸರಿ? ಮಕ್ಕಳು ಬೇಡ ಅಂತ ತೀರ್ಮಾನವಾಗಿದ್ದು, ಬಯಾಪ್ಸಿಯಲ್ಲಿ ಕೋಶಗಳ ರೂಪ ಕೆಟ್ಟಿದ್ದರೆ ಅದೇ ಸರಿಯಾದ ಚಿಕಿತ್ಸೆ. 46 ವರ್ಷದ ಒಬ್ಬರಿಗೆ ಇದೇ ಕಾರಣಕ್ಕೆ ನಾನು ಒಂದು ವಾರವೂ ತಡ ಮಾಡದೆ ಹೇಳಿದ್ದೆ. ಪಿಸಿಒಎಸ್ ಜೊತೆಗೆ ದೊಡ್ಡ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಗಡ್ಡೆ) ಅಥವಾ ಅಡಿನೊಮಯೋಸಿಸ್ (ಒಳಪದರ ಗರ್ಭಕೋಶದ ಗೋಡೆಯೊಳಗೇ ಬೆಳೆಯುವುದು) ಇದ್ದು, ಔಷಧಿ ಮತ್ತು ಮಿರೇನಾ ಕೈಕೊಟ್ಟಿದ್ದರೂ ಸರಿ. ಇವೆಲ್ಲ ಪ್ರಯತ್ನ ಮಾಡಿ, ಗೊತ್ತಿದ್ದೇ, "ನನಗೆ ಬ್ಲೀಡಿಂಗ್ ಒಂದು ನಿಂತರೆ ಸಾಕು, ಉಳಿದದ್ದನ್ನು ಬೇರೆ ನೋಡಿಕೊಳ್ತೀನಿ" ಅನ್ನುವ ಮಹಿಳೆಯೂ ಇದ್ದಾರೆ. ಆ ತೀರ್ಮಾನ ಅವರದು. ಅದನ್ನು ಗೌರವಿಸುವುದು ನಮ್ಮ ಕೆಲಸ. ಹಾಗೆ ಆಪರೇಷನ್ ಆಗಿ ನೆಮ್ಮದಿಯಾಗಿರುವವರನ್ನು ಕಂಡಿದ್ದೇನೆ. ಮಕ್ಕಳಿಲ್ಲದವರು ಕೇಳಿದರೂ ಅವರ ಮಾತನ್ನು ಪೂರ್ತಿ ಕೇಳಬೇಕು, ಗಂಡನನ್ನು ಕರೆದುಕೊಂಡು ಬನ್ನಿ ಅನ್ನುವುದು ಉತ್ತರವಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಸರ್ಜನ್ ಹತ್ತಿರ ಬಿಡಿಸಿ ಕೇಳಿ. ಅಂಡಾಶಯ ಉಳಿಸುತ್ತೀರಾ? ಗರ್ಭಕೋಶದ ಕೊರಳು ಉಳಿಯುತ್ತದಾ, ಉಳಿದರೆ ಅದರ ಕ್ಯಾನ್ಸರ್ ತಪಾಸಣೆ ಮುಂದುವರಿಸಬೇಕಲ್ಲ? ಲ್ಯಾಪರೋಸ್ಕೋಪಿಯಾ, ಯೋನಿಯ ಮೂಲಕವಾ, ಹೊಟ್ಟೆ ಕೊಯ್ದಾ? ಇದು ದೊಡ್ಡ ಆಪರೇಷನ್ನೇ. ಮೂತ್ರಕೋಶಕ್ಕೆ, ಮೂತ್ರನಾಳಕ್ಕೆ ಪೆಟ್ಟು ಬೀಳುವ, ಸೋಂಕಾಗುವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಚಿಕ್ಕದಾದರೂ ಇದೆ. ಪೂರ್ತಿ ಚೇತರಿಕೆಗೆ ಆರೆಂಟು ವಾರ ಬೇಕು. ಅಂಡಾಶಯ ಉಳಿಸಿದರೂ ಕೆಲವರಿಗೆ ಅದರ ಕೆಲಸ ಸ್ವಲ್ಪ ಬೇಗ ನಿಲ್ಲಬಹುದು. ಗರ್ಭಕೋಶ ಇಲ್ಲದ ಮೇಲೆ ಮುಟ್ಟು ನಿಂತದ್ದು ತಿಳಿಯುವುದಿಲ್ಲವಲ್ಲ, ಮೈ ಬಿಸಿ, ನಿದ್ದೆ ಕೆಡುವುದು ಶುರುವಾದರೆ ಹೇಳಿ.

ಆಪರೇಷನ್ ಆಗಲಿ, ಬಿಡಲಿ, ಸಕ್ಕರೆ ಪರೀಕ್ಷೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಆಗಲೇಬೇಕು. ಖಾಲಿ ಹೊಟ್ಟೆಯ ಸಕ್ಕರೆಗಿಂತ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವುದು ಹೆಚ್ಚು ನಂಬಿಕೆಯದು. ಬಿಪಿ, ಕೊಲೆಸ್ಟರಾಲ್ ಕೂಡ. ಜೋರು ಗೊರಕೆ, ಹಗಲೆಲ್ಲ ತೂಕಡಿಕೆ ಇದ್ದರೆ ಅದನ್ನೂ ತಿಳಿಸಿ. ಮನಸ್ಸು ಕುಗ್ಗುವುದು, ಆತಂಕ ಪಿಸಿಒಎಸ್ ಇರುವವರಲ್ಲಿ ಜಾಸ್ತಿ. ಕೇಳುವವರು ಕಡಿಮೆ ಅಷ್ಟೆ.

ಡೈರಿ ತಂದವರಿಗೆ ಮಿರೇನಾ ಹಾಕಿ, ಕಬ್ಬಿಣವನ್ನು ಡ್ರಿಪ್‌ನಲ್ಲಿ ಕೊಟ್ಟೆವು. ಆರು ತಿಂಗಳ ನಂತರದ ಬಯಾಪ್ಸಿಯಲ್ಲಿ ಪದರ ಮಾಮೂಲಿಗೆ ಬಂದಿತ್ತು. ಆವತ್ತು ಟವೆಲ್ ತಂದಿರಲಿಲ್ಲ. ಆಪರೇಷನ್ ಬಾಗಿಲು ತೆರೆದೇ ಇದೆ, ಬೇಕೆನಿಸಿದಾಗ ಮತ್ತೆ ಮಾತಾಡೋಣ ಅಂತ ಹೇಳಿದ್ದೇನೆ. ಈ ಸಲ ಅವರು ಕೇಳಿದ್ದು ಗದ್ದದ ಕೂದಲಿನ ಬಗ್ಗೆ. ಗಂಡು ಹಾರ್ಮೋನಿನ ಕೆಲಸಕ್ಕೆ ತಡೆ ಹಾಕುವ ಸ್ಪೈರೊನೊಲ್ಯಾಕ್ಟೋನ್ ಶುರು ಮಾಡಿದ್ದೇವೆ. ಆ ಮಾತ್ರೆ ತಗೊಳ್ಳುವಾಗ ಗರ್ಭ ನಿಲ್ಲಬಾರದು, ಮಿರೇನಾ ಇರುವುದರಿಂದ ಆ ಚಿಂತೆ ಇಲ್ಲ. ಗುಣ ಕಾಣಲು ಕಮ್ಮಿ ಅಂದರೂ ಆರು ತಿಂಗಳು ಬೇಕು, ಜೊತೆಗೆ ಲೇಸರ್ ಮಾಡಿಸಿದರೆ ಒಳ್ಳೆಯದು ಅಂದೆ. ಡೈರಿ ತೆಗೆದು ತಾರೀಕು ಬರೆದುಕೊಂಡರು.