ಹಿಂದಿನ ತಹಶೀಲ್ದಾರರ ಆದೇಶವನ್ನು ಹೊಸಬರು ಬದಲಿಸಬಹುದೇ?

ಪ್ರಶ್ನೆ: ತಂದೆಯವರು ತೀರಿಕೊಂಡ ಮೇಲೆ ಅವರ ಜಮೀನಿನ ಖಾತೆಯನ್ನು ವಾರಸುದಾರರಾದ ನಮ್ಮ ಹೆಸರಿಗೆ ಮಾಡಿಸಲು, ಅಂದರೆ ಪೌತಿ ಖಾತೆಗೆ, ಅರ್ಜಿ ಹಾಕಿದೆವು. ದಾಯಾದಿಗಳು ತಕರಾರು ತೆಗೆದರು. ಎರಡೂ ಕಡೆಯವರನ್ನು ಕೇಳಿ ತಹಶೀಲ್ದಾರರು ನಮ್ಮ ಪರ ಆದೇಶ ಮಾಡಿದರು. ಈಗ ಅವರಿಗೆ ವರ್ಗವಾಗಿದೆ. ಹೊಸ ತಹಶೀಲ್ದಾರರಿಗೆ ದಾಯಾದಿಗಳು ಅದೇ ಅರ್ಜಿ ಕೊಟ್ಟು, ನಮಗೆ ನೋಟಿಸ್ ಬಂದಿದೆ. ಮುಗಿದ ಪ್ರಕರಣವನ್ನು ಹೀಗೆ ಮತ್ತೆ ತೆರೆಯಬಹುದೇ?

ಉತ್ತರ: ಅಧಿಕಾರಿ ಬದಲಾದರು ಎಂಬುದಷ್ಟೇ ಕಾರಣವಾಗಿದ್ದರೆ, ಖಂಡಿತ ಇಲ್ಲ. ಆದೇಶ ಹೊರಟದ್ದು ಆ ಹುದ್ದೆಯಿಂದ. ಕೊಟ್ಟ ಆದೇಶವನ್ನು ತಾವೇ ಬದಲಿಸುವ, ಹಳಬರಿಗೆ ಇಲ್ಲದ ಅಧಿಕಾರ ಅದೇ ಕುರ್ಚಿಗೆ ಬಂದ ಹೊಸಬರಿಗೂ ಇರುವುದಿಲ್ಲ.

ತಕರಾರು ವಿಚಾರಣೆ ನಡೆಸಿ ತೀರ್ಮಾನ ಕೊಡುವುದು ಅರೆನ್ಯಾಯಿಕ ಕೆಲಸ, ಅಂದರೆ ನ್ಯಾಯಾಲಯದಂತೆ ಮಾಡುವ ಕೆಲಸ. ಅಂಥ ಆದೇಶವನ್ನು ಅದೇ ಕಚೇರಿ ಮತ್ತೆ ಪರಿಶೀಲಿಸಿ ಬದಲಿಸಬೇಕಾದರೆ, ಅಂದರೆ ಪುನರ್ವಿಮರ್ಶೆ ಮಾಡಬೇಕಾದರೆ, ಕಾನೂನೇ ಆ ಅಧಿಕಾರ ಕೊಟ್ಟಿರಬೇಕು. ಅದು ಹುದ್ದೆಯ ಜೊತೆ ತಾನಾಗಿ ಬರುವುದಿಲ್ಲ. ಪಟೇಲ್ ನರ್ಶಿ ಠಾಕರ್ಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1970ರಲ್ಲೇ ಇದನ್ನು ಹೇಳಿದೆ. ಹಾಗಿಲ್ಲದಿದ್ದರೆ ಪ್ರತಿ ವರ್ಗಾವಣೆಗೂ ರೈತನ ಪಹಣಿಯಲ್ಲಿ ಹೆಸರು ಬದಲಾಗುತ್ತಾ ಹೋಗುತ್ತಿತ್ತು.

ಕೇವಲ ಆಡಳಿತಾತ್ಮಕ ಆದೇಶಗಳ ಮಾತು ಬೇರೆ. ಸಿಬ್ಬಂದಿಗೆ ಕೆಲಸ ಹಂಚಿದ ಆದೇಶವನ್ನು ಹೊಸಬರು ಬದಲಿಸಲು ಅಡ್ಡಿಯಿಲ್ಲ.

ವಿನಾಯಿತಿಗಳೂ ಇವೆ. ಸರ್ವೆ ನಂಬರ್ 47 ಎಂದಿರಬೇಕಾದಲ್ಲಿ 74 ಎಂದು ಬೆರಳಚ್ಚಾಗಿದ್ದರೆ ತಿದ್ದಬಹುದು. ಎದುರುದಾರರಿಗೆ ನೋಟಿಸೇ ತಲುಪದೆ ಆದೇಶವಾಗಿದ್ದರೆ ಅದನ್ನು ಬದಿಗಿಟ್ಟು ಮತ್ತೆ ವಿಚಾರಣೆ ನಡೆಸಬಹುದು. ಸುಳ್ಳು ವಂಶವೃಕ್ಷ ಕೊಟ್ಟು, ಮೋಸದಿಂದ ಪಡೆದ ಆದೇಶಕ್ಕೂ ರಕ್ಷಣೆಯಿಲ್ಲ. ಆದರೆ ಅದೇ ದಾಖಲೆಗಳನ್ನು ಇನ್ನೊಮ್ಮೆ ಓದಿ ಬೇರೆ ಅಭಿಪ್ರಾಯಕ್ಕೆ ಬರುವುದು ಇವ್ಯಾವುದರಲ್ಲೂ ಸೇರುವುದಿಲ್ಲ.

ಹಾಗಾದರೆ ದಾಯಾದಿಗಳಿಗೆ ದಾರಿಯೇ ಇಲ್ಲವೇ? ಇದೆ, ಅದು ಮೇಲಿನ ಕಚೇರಿಯಲ್ಲಿದೆ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 136(2)ರಂತೆ 60 ದಿನಗಳೊಳಗೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬೇಕು. ಕಲಂ 136(3)ರಡಿ ಜಿಲ್ಲಾಧಿಕಾರಿಗಳೂ ದಾಖಲೆ ತರಿಸಿ ಪರಿಶೀಲಿಸಬಹುದು. ಜಮೀನಿನ ಹಕ್ಕು ಯಾರದು ಎಂಬ ಮೂಲ ಜಗಳ ತೀರಬೇಕಾದದ್ದು ಸಿವಿಲ್ ನ್ಯಾಯಾಲಯದಲ್ಲಿ.

ನೋಟಿಸ್ ಬಂದಿದೆಯಲ್ಲ, ಅದನ್ನು ದಯವಿಟ್ಟು ಕಡೆಗಣಿಸಬೇಡಿ. 'ಅವರಿಗೆ ಅಧಿಕಾರವೇ ಇಲ್ಲ' ಎಂದು ಮನೆಯಲ್ಲಿ ಕೂತರೆ ನಿಮ್ಮ ಮಾತು ಕೇಳದೆಯೇ ಏಕಪಕ್ಷೀಯ ಆದೇಶವಾಗಿಬಿಡಬಹುದು. ಹಳೆಯ ಆದೇಶದ ದೃಢೀಕೃತ ನಕಲು ಹಿಡಿದು ಆ ದಿನ ಹಾಜರಾಗಿ. ಯಾವ ಕಲಮಿನಡಿ ಪುನರ್ವಿಮರ್ಶೆ ನಡೆಯುತ್ತಿದೆ ಎಂದು ಲಿಖಿತ ಆಕ್ಷೇಪಣೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಇಷ್ಟಾದರೂ ಆದೇಶ ಬದಲಾಯಿಸಿದರೆ ಮೇಲ್ಮನವಿಗೆ ನಿಮಗೂ ಅದೇ 60 ದಿನಗಳ ಗಡುವು. ಆದೇಶ ನಿಮಗೆ ತಲುಪಿದ ದಿನಾಂಕವನ್ನು ಆ ಪ್ರತಿಯ ಮೇಲೆಯೇ ಬರೆದಿಟ್ಟುಕೊಳ್ಳಿ.