ಪಟ್ಟಿ ಹಾಕುವುದು: ಹೈಸ್ಕೂಲಿಗೆ ಊರಿನ ಪಾಲು

ನಮ್ಮ ಕುಂದಗೋಳದ ಕಡೆ ‘ಪಟ್ಟಿ’ ಅಂದರೆ ಬರೀ ಹೆಸರುಗಳ ಸಾಲಲ್ಲ. ‘ಗಣಪತಿ ಪಟ್ಟಿ ಕೊಡ್ರಿ’ ಅಂತ ಹುಡುಗರು ಬಾಗಿಲಿಗೆ ಬಂದರೆ ಏನು ಕೇಳ್ತಿದ್ದಾರೆ ಅಂತ ಸಣ್ಣ ಮಕ್ಕಳಿಗೂ ಗೊತ್ತು. ಜಾತ್ರೆಗೆ ಪಟ್ಟಿ, ಗುಡಿಗೆ ಪಟ್ಟಿ. ಊರ ಕೆಲಸಕ್ಕೆ ಮನೆಮನೆಯಿಂದ ಕೂಡಿಸುವ ಹಣಕ್ಕೆ ಆ ಹೆಸರು. ಕೂಡಿಸುವುದಕ್ಕೆ ‘ಪಟ್ಟಿ ಹಾಕುವುದು’, ‘ಪಟ್ಟಿ ಎತ್ತುವುದು’ ಅಂತೀವಿ.

ಪುಸ್ತಕದ ಕನ್ನಡದಲ್ಲಿ ಇದೇ ವಂತಿಗೆ. ‘ವಂತು’ ಅಂದರೆ ಪಾಲು. ಈ ಅರ್ಥ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ದಾನ ಕೊಟ್ಟವರು ಕೈ ಮುಗಿದು ಮನೆಗೆ ಹೋಗಬಹುದು. ಪಾಲು ಹಾಕಿದವರು ಮರುದಿನ ಬಂದು ‘ಏನಾತ್ರಿ ಅದು?’ ಅಂತ ಕೇಳಬಹುದು, ಕೇಳಲೇಬೇಕು.

ನನ್ನ ಮಗಳು ಹತ್ತನೇ ತರಗತಿಯಲ್ಲಿದ್ದಾಗ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಸಂಜೆ ತರಗತಿ ಶುರುವಾಯಿತು. ಮಧ್ಯಾಹ್ನದ ಬಿಸಿಯೂಟ ಹತ್ತನೇ ತರಗತಿವರೆಗೂ ಇದೆ, ಸರಿ. ಆದರೆ ಒಂದು ಗಂಟೆಗೆ ಉಂಡ ಮಕ್ಕಳಿಗೆ ಐದಕ್ಕೆ ಮತ್ತೆ ಹಸಿವು. ಹಸಿದ ಹೊಟ್ಟೆಗೆ ಬೀಜಗಣಿತ ಹತ್ತುತ್ತದಾ? ಸಂಜೆಯ ತಿಂಡಿಗೆ ಏನು ಮಾಡುವುದು ಅಂತ ಪಾಲಕರ ಸಭೆ ಕರೆದರು, ಬೆಳಿಗ್ಗೆ ಹನ್ನೊಂದಕ್ಕೆ. ಬಂದವರು ನಾಲ್ಕೇ ಜನ. ಅದು ಮೆಣಸಿನಕಾಯಿ ಬಿಡಿಸುವ ಕಾಲ, ತಾಯಂದಿರೆಲ್ಲ ಹೊಲದಲ್ಲಿದ್ದರು. ‘ಪಾಲಕರಿಗೆ ಕಾಳಜಿ ಇಲ್ಲ’ ಅಂತ ಯಾರೋ ಅಂದರು. ನನಗೆ ಬೇಜಾರಾಯಿತು. ಮುಂದಿನ ವಾರ ಅದೇ ಸಭೆಯನ್ನು ರಾತ್ರಿ ಏಳಕ್ಕೆ ಇಟ್ಟರು. ಕೋಣೆಯಲ್ಲಿ ಕೂರಲು ಜಾಗ ಸಾಲಲಿಲ್ಲ.

ಅಕ್ಕೋರು, ಅಂದರೆ ಶಾಲೆಯ ಶಿಕ್ಷಕಿ, ಒಂದು ನೋಟ್‌ಬುಕ್ ತೆಗೆದು ಮಧ್ಯೆ ಗೆರೆ ಎಳೆದರು. ಎಡಕ್ಕೆ ಹೆಸರು, ಬಲಕ್ಕೆ ಮೊತ್ತ. ಒಬ್ಬರು 500 ಬರೆಸಿದರು, ಒಬ್ಬರು 50. ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ತಾಯಿ ಎದ್ದು ನಿಂತರು. ‘ನನ್ನ ಕಡೆ ರೊಕ್ಕ ಇಲ್ರಿ ಅಕ್ಕೋರ. ಮಂಗಳವಾರ ನಾ ಅವಲಕ್ಕಿ ಒಗ್ಗರಣಿ ಮಾಡಿ ಕೊಡ್ತೀನಿ.’ ಅಕ್ಕೋರು ಒಂದು ಕ್ಷಣ ಪೆನ್ನು ಹಿಡಿದು ಕೂತರು. ಆಮೇಲೆ ಬಲಗಡೆ ಬರೆದರು: ಮಂಗಳವಾರ, ಅವಲಕ್ಕಿ. ಆಮೇಲೆ ನೋಡಿ, ಬುಧವಾರಕ್ಕೆ ಚುರುಮುರಿ ಬಂತು, ಗುರುವಾರಕ್ಕೆ ಹೆಸರುಕಾಳಿನ ಉಸುಳಿ. ಟೆಂಪೋ ಇದ್ದವರೊಬ್ಬರು ಪಕ್ಕದ ಹಳ್ಳಿಯ ಹುಡುಗಿಯರನ್ನು ಕತ್ತಲಾದ ಮೇಲೆ ಮನೆ ಮುಟ್ಟಿಸ್ತೀನಿ ಅಂದರು. ಅದೂ ಪಟ್ಟಿಗೆ ಸೇರಿತು.

ಗುಡಿಯ ಪಟ್ಟಿಯಲ್ಲಿ ದೊಡ್ಡ ಮೊತ್ತವನ್ನು ಮೊದಲು ಬರೆಸುವ ರೂಢಿ ಇದೆ. ಶಾಲೆಯ ಪಟ್ಟಿಗೆ ಅದು ಬೇಡ ಅನ್ನುತ್ತೇನೆ. ಮೊದಲ ಸಾಲಿನಲ್ಲಿ 5,000 ಕಂಡರೆ 50 ಕೊಡುವ ಕೈ ಹಿಂದೆ ಸರಿಯುತ್ತದೆ. ಹಣದ ಜೊತೆಗೆ ಆ ಮನೆಯವರೂ ಶಾಲೆಯಿಂದ ದೂರ ಉಳಿಯುತ್ತಾರೆ.

ಈ ಭಾಗಕ್ಕೆ ಇದು ಹೊಸದೇನಲ್ಲ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಶುರುವಾದದ್ದರ ಹಿಂದೆಯೂ ಜನ ಕೊಟ್ಟ ಹಣವಿತ್ತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಅದಕ್ಕಾಗಿ ಓಡಾಡಿದವರು.

ಈಗ ಸರ್ಕಾರಿ ಶಾಲೆಯಲ್ಲಿ ಹಣ ಕೂಡಿಸಬೇಕಾದರೆ ಎಸ್‌ಡಿಎಂಸಿ ಮೂಲಕ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕರ್ನಾಟಕದಲ್ಲಿ ಇದು 2001ರಲ್ಲಿ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಅಂತ ಹೇಳುತ್ತದೆ. ಆ ಕಾಯ್ದೆ 6ರಿಂದ 14 ವಯಸ್ಸಿನವರೆಗೆ ಮಾತ್ರ, ಹಾಗಾಗಿ ಹೈಸ್ಕೂಲಿನ 9, 10ನೇ ತರಗತಿ ಅದರ ಆಚೆ ಉಳಿಯುತ್ತವೆ. ಆದರೂ ಹೈಸ್ಕೂಲಿನಲ್ಲೂ ಸಮಿತಿ ಇರುತ್ತದೆ. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ಒಮ್ಮೆ ಕೇಳಿ ನೋಡಿ.

ಪಟ್ಟಿಗೂ ಶುಲ್ಕಕ್ಕೂ ಇರುವ ಗೆರೆಯನ್ನು ಮರೆಯಬಾರದು. 2022ರ ಅಕ್ಟೋಬರ್‌ನಲ್ಲಿ, ಪಾಲಕರಿಂದ ತಿಂಗಳಿಗೆ 100 ರೂಪಾಯಿ ಪಡೆಯಬಹುದು ಅಂತ ಇಲಾಖೆ ಸುತ್ತೋಲೆ ಹೊರಡಿಸಿತ್ತು. ಇಷ್ಟ ಇದ್ದವರು ಕೊಡಲಿ ಅಂತಲೇ ಅದರಲ್ಲಿತ್ತು. ಆದರೂ ವಿರೋಧ ಜೋರಾಯಿತು, ಸುತ್ತೋಲೆ ವಾಪಸಾಯಿತು. ಜನ ಹೆದರಿದ್ದು ಸರಿಯೇ. ಎಲ್ಲರಿಗೂ ಒಂದೇ ಮೊತ್ತ, ಪ್ರತಿ ತಿಂಗಳು ಅಂದಕೂಡಲೇ ಅದು ಫೀ ಆಗಿಬಿಡುತ್ತದೆ. ಕೊಡದ ಮಗು ತರಗತಿಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಇನ್ನೊಂದು ಮಾತು: ಶಿಕ್ಷಕರನ್ನು ಕೊಡುವುದು, ಕೋಣೆ ಕಟ್ಟಿಸುವುದು ಸರ್ಕಾರದ ಕೆಲಸ. ಅದಕ್ಕೆ ಪಟ್ಟಿ ಹಾಕುವ ಮೊದಲು ಅರ್ಜಿ ಹಾಕಬೇಕು, ಬೆನ್ನು ಹತ್ತಬೇಕು.

ಇನ್ನು ಲೆಕ್ಕ. ಹತ್ತು ರೂಪಾಯಿ ಕೊಟ್ಟರೂ ಪಾವತಿ, ಅಂದರೆ ರಸೀದಿ, ಹರಿದು ಕೊಡಬೇಕು. ನಮ್ಮ ಶಾಲೆಯಲ್ಲಿ ಪರೀಕ್ಷೆ ಮುಗಿದ ವಾರ ಆ ನೋಟ್‌ಬುಕ್ಕಿನ ಹಾಳೆಗಳನ್ನು ಆಫೀಸಿನ ಹೊರಗೆ ಅಂಟಿಸಿದ್ದರು. ಜಮಾ ಒಂದು ಕಡೆ, ಖರ್ಚು ಒಂದು ಕಡೆ, ಉಳಿದದ್ದು 340 ರೂಪಾಯಿ. ಮಂಗಳವಾರದ ಅವಲಕ್ಕಿಯವರು ಮಗನನ್ನು ಕರಕೊಂಡು ಬಂದು, ತಮ್ಮ ಹೆಸರು ಎಲ್ಲಿದೆ ಅಂತ ಅವನ ಕೈಯಲ್ಲಿ ಓದಿಸಿದರು.